ಎಡಗೈಯಲ್ಲಿ ಇಲ್ಲದ ಶಾಯಿ

“ಆ ಇಸ್ಕೂಲಲ್ಲಿ ನೀನು ಕುರ್ಚಿ ಮ್ಯಾಲೆ ಕೂರಾಕಾಯ್ತದಾ? ಆಗದ ಮಾತು ಕಣ್ಲಾ. ದಿನಾ ಆ ಕುರ್ಚಿಗಳ್ನ ಒರ್ಸೋನು ನಾನು, ನಂಗೊತ್ತು” ಎಂದವರು ನನ್ನ ಚಿಕ್ಕಪ್ಪ. ಹಾರೋಹಳ್ಳಿ ಹತ್ತಿರದ ಆ ಅನುದಾನಿತ ಪ್ರೌಢಶಾಲೆಯಲ್ಲಿ ಅವರು ಜವಾನ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಅದೇ ಶಾಲೆಗೆ ಮೇಷ್ಟ್ರಾಗಿ ಸೇರಿದೆ.

ಪ್ರೊಬೇಷನ್ ಮುಗಿಯುವ ಹೊತ್ತಿಗೆ ಚುನಾವಣೆ ಬಂತು. ಸೋಲೂರು ಕಡೆಯ ಮತಗಟ್ಟೆಗೆ ನನ್ನನ್ನು ಹಾಕಿದರು. ಆದೇಶದಲ್ಲಿ ‘ಮತಗಟ್ಟೆ ಅಧಿಕಾರಿ’ ಎಂದಿತ್ತು. ಅಪ್ಪ ಆ ಹಾಳೆಯನ್ನು ಮಡಚಲು ಬಿಡಲಿಲ್ಲ. ದಿನವಿಡೀ ಜನರ ಬೆರಳಿಗೆ ಶಾಯಿ ಹಚ್ಚಿದೆ. ಅಪ್ಪನನ್ನು ಅಂಗಳದಲ್ಲೇ ನಿಲ್ಲಿಸುವಂಥ ಯಜಮಾನರೂ ನನ್ನ ಮುಂದೆ ಸಾಲಿನಲ್ಲಿ ಬಂದು ಬೆರಳು ಚಾಚಿದರು.

ನಮ್ಮ ಶಾಲೆಯ ಕಾರ್ಯದರ್ಶಿಗೆ ಕೈಗಾರಿಕಾ ಪ್ರದೇಶದಲ್ಲಿ ಸ್ವಂತ ಫ್ಯಾಕ್ಟರಿಯಿತ್ತು. ಅಲ್ಲಿನ ಕಾರ್ಮಿಕರು ಮತದಾನದ ರಜೆ ಬೇಕೆಂದರೆ ಆಮೇಲೆ ಗೇಟಿನಲ್ಲಿ ಶಾಯಿಯ ಗುರುತು ತೋರಿಸಬೇಕು. ಇಲ್ಲದಿದ್ದರೆ ಗೈರುಹಾಜರಿ. ಅಲ್ಲಿನ ಕಟ್ಟಳೆಯನ್ನು ಶಾಲೆಗೂ ತಂದಿದ್ದರು.

ಚುನಾವಣೆ ಮುಗಿಸಿ ಶಾಲೆಗೆ ಮರಳಿದಾಗ ನನ್ನ ಬಲಗೈ ಬೆರಳೆಲ್ಲ ಕಪ್ಪಾಗಿತ್ತು.

“ಎಡಗೈ ತೋರ್ಸಿ” ಎಂದರು ಸ್ಟಾಫ್ ರೂಮಿಗೆ ಬಂದ ಕಾರ್ಯದರ್ಶಿ.

ಎಡಗೈಯಲ್ಲಿ ಏನೂ ಇರಲಿಲ್ಲ. ಚುನಾವಣೆ ಕೆಲಸಕ್ಕೆ ಹೋದವರ ಮತ ಅಂಚೆಯಲ್ಲಿ ಹೋಗುತ್ತದೆ, ನಮಗೆ ಶಾಯಿ ಹಚ್ಚುವವರಿಲ್ಲ ಎಂದೆ.

“ಅಂಚೇಲಿ ಓಟಾ? ಹಂಗಾದ್ರೆ ಪಾಠಾನೂ ಅಂಚೇಲೇ ಕಳ್ಸಿಬುಡಿ ಮೇಷ್ಟ್ರೇ.”

ಸ್ಟಾಫ್ ರೂಮಿನವರೆಲ್ಲ ನಕ್ಕರು. ಆದೇಶ ತೆಗೆದು ತೋರಿಸಿದೆ.

“ಲಗ್ನಪತ್ರಿಕೆ ಇಸ್ಕೊಂಡೋರೆಲ್ಲ ಉಂಡೇ ಬಂದಿರ್ತಾರಾ? ಹೋಗಿದ್ದಕ್ಕೆ ಸರ್ಟಿಫಿಕೇಟ್ ತನ್ನಿ. ಇಲ್ದಿದ್ರೆ ಅಷ್ಟೂ ದಿನ ಗೈರು, ಪ್ರೊಬೇಷನ್ ಮೊದ್ಲಿಂದ.”

ಕೆಲಸ ಕಾಯಂ ಆಗುವುದು ಈಗ ಆ ಕಾಗದದ ಮೇಲೆ ನಿಂತಿತು. ಸೋಲೂರು ಮಾಗಡಿ ತಾಲ್ಲೂಕಿಗೆ ಸೇರಿದ್ದರಿಂದ ಮಾಗಡಿಗೆ ಬಸ್ಸು ಹತ್ತಿದೆ. ತಾಲ್ಲೂಕು ಕಚೇರಿಯ ಗುಮಾಸ್ತರು, “ಎಲೆಕ್ಷನ್ ಡ್ಯೂಟಿಗೂ ಸಾಕ್ಷಿ ಕೇಳ್ತಾರೇನ್ರೀ? ಎಂಥ ಇಸ್ಕೂಲ್ರೀ ನಿಮ್ದು” ಎಂದು ಗೊಣಗಿ, ಸಂಜೆವರೆಗೂ ನಿಲ್ಲಿಸಿಕೊಂಡು ಮೊಹರು ಒತ್ತಿದರು.

ಮರುದಿನ ಕಾರ್ಯದರ್ಶಿಯ ಕೋಣೆಯಲ್ಲಿ ಪ್ರಮಾಣಪತ್ರವನ್ನು ನಿಂತುಕೊಂಡೇ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಓದಿ ಮೇಜಿನ ಮೇಲಿಟ್ಟರು. ಅದರ ಮೇಲೆ ಕುಡಿದು ಮುಗಿಸಿದ ಟೀ ಲೋಟ ಇಟ್ಟರು.

“ಸರಿ, ಡ್ಯೂಟಿ ಅಂತ್ಲೇ ಬರ್ಸ್ತೀನಿ. ಕಾಯಂ ಆಯ್ತು, ಹೋಗಿ.”

ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪ ಖಾಲಿ ಲೋಟ ಎತ್ತಿಕೊಂಡು ನನ್ನ ಹಿಂದೆಯೇ ಹೊರಬಂದರು. ಈಗೇನಂತೀರಿ ಎಂಬಂತೆ ನಾನು ಅವರ ಮುಖ ನೋಡಿದೆ.

“ಗೆದ್ದೆ ಬುಡು” ಎಂದರು. “ಎದುರ್ಗಡೆ ಕುರ್ಚಿ ಖಾಲಿ ಇತ್ತಲ್ಲ ಮಗಾ. ಬೆಳಿಗ್ಗೆ ನಾನೇ ಒರ್ಸಿದ್ದೆ.”