ಫ್ರಾನ್ಸಿನಲ್ಲಿ ಅಪ್ರದಕ್ಷಿಣೆ

ಜೂನ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಇಂಗ್ಲೆಂಡಿನ ಕೆಂಟನ್‌ನ ನಮ್ಮ ಮನೆಯಿಂದ ಹೊರಟೆವು. ಸಣ್ಣಗೆ ಮಳೆ ಹನಿಯುತ್ತಿತ್ತು. ಸ್ಟೇರಿಂಗ್ ಹಿಡಿದವಳು ನನ್ನ ಹೆಂಡತಿ ಶಶಿಕಲಾ. ನಾನು ಎಡಗಡೆಯ ಸೀಟಿನಲ್ಲಿ ಕೂತಿದ್ದೆ. ಮಡಿಲಲ್ಲಿ ನಕ್ಷೆ, ಕಾಲ ಬಳಿ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಡಬ್ಬಿ. ಹಾಲಿನ ಪದಾರ್ಥಗಳನ್ನು ಫ್ರಾನ್ಸಿನ ಗಡಿ ದಾಟಿಸುವಂತಿಲ್ಲವಾದ್ದರಿಂದ ಮೊಸರು ಮನೆಯಲ್ಲೇ ಉಳಿಯಿತು.

ಚಳಿಗಾಲದಲ್ಲಿ ಬುಕಿಂಗ್ ಮಾಡುವಾಗ ಕಾರು ಓಡಿಸಬೇಕಾದವನು ನಾನೇ ಆಗಿದ್ದೆ. ಆಮೇಲೆ ನನ್ನ ಎಡಗಣ್ಣಿನ ದೃಷ್ಟಿ ಕೆಟ್ಟಿತು; ಇನ್ನು ಓಡಿಸಬೇಡಿ ಎಂದರು ಡಾಕ್ಟರು. ಶಶಿಕಲಾ ಅಲ್ಲಿಯವರೆಗೆ ಓಡಿಸುತ್ತಿದ್ದುದು ಸೌತ್‌ಹಾಲ್‌ನ ಕಿರಾಣಿ ಅಂಗಡಿಗೆ, ಸ್ಟ್ಯಾನ್ಮೋರ್‌ನಲ್ಲಿರುವ ಮಗಳು ಸ್ಮಿತಾಳ ಮನೆಗೆ, ಅಷ್ಟೇ. ಪ್ರವಾಸ ಬಿಟ್ಟು ಕಾರು ಮಾರುವುದೆಂದು ನಾನೂ ಸ್ಮಿತಾಳೂ ಮಾತಾಡಿಕೊಂಡೆವು. ಕೊಳ್ಳುವವರೂ ಸಿಕ್ಕಿದ್ದರು.

"ಫ್ರಾನ್ಸಿಗೆ ಹೋಗಿ ಬರೂತನಕ ತಡೀರಿ," ಎಂದಳು ಶಶಿಕಲಾ. "ನಾ ಓಡಿಸ್ತೀನಿ. ಆಗಲಿಲ್ಲಂದ್ರ ಬಂದ ಮರುದಿನ ಮಾರ್ರಿ, ನಾ ಏನೂ ಅನ್ನೂದಿಲ್ಲ."

"ಮಮ್, ಆರ್ ಯೂ ಸೀರಿಯಸ್?" ಎಂದಳು ಸ್ಮಿತಾ.

"ಹೂಂ, ಸೀರಿಯಸ್ಸ. ನೀ ಬಂದು ಗಿಡಕ್ಕ ನೀರು ಹಾಕು ಸಾಕು."

ಫೋಕ್‌ಸ್ಟನ್‌ನಲ್ಲಿ ಕಾರನ್ನು ರೈಲಿನೊಳಕ್ಕೆ ಹತ್ತಿಸಿ, ಸಮುದ್ರದ ಕೆಳಗಿನ ಸುರಂಗ ದಾಟಿ ಫ್ರಾನ್ಸಿನ ಕಲೇಯಲ್ಲಿ ಇಳಿದೆವು. ಅಲ್ಲಿಂದ ಎಲ್ಲವೂ ರಸ್ತೆಯ ಬಲಬದಿಗೆ. ಹೆದ್ದಾರಿ ಬೇಡ, ಹಳ್ಳಿಯ ರಸ್ತೆಗಳಲ್ಲೇ ಲುವಾರ್ ನದಿಯವರೆಗೆ ಹೋಗಿ ಬರುವುದೆಂದು ಮೊದಲೇ ನಿಶ್ಚಯಿಸಿದ್ದೆವು. ನಮ್ಮದು ಇಂಗ್ಲೆಂಡಿನ ಕಾರು, ಸ್ಟೇರಿಂಗ್ ಬಲಕ್ಕೆ. ಅಲ್ಲಿ ಮುಂದಿನ ವಾಹನವನ್ನು ಹಿಂದೆ ಹಾಕಬೇಕಾದರೆ ಎದುರಿನ ದಾರಿ ಚೆನ್ನಾಗಿ ಕಾಣುವುದು ಎಡಗಡೆ ಕೂತವರಿಗೆ. ಅಂದರೆ ನನಗೆ.

ಮೊದಲ ಮಧ್ಯಾಹ್ನವೇ ಒಂದು ಹುಲ್ಲಿನ ಟ್ರ್ಯಾಕ್ಟರ್ ಮುಂದೆ ಸಿಕ್ಕಿತು.

"ಎದುರಿಗೆ ಏನರ ಬರಾಕತ್ತೈತೇನ್ರಿ?"

"ಏನೋ ಕಾಣಸ್ತೈತಿ. ದೂರ ಐತೋ ಹತ್ರ ಐತೋ ಗೊತ್ತಾಗ್ವಲ್ದು."

"ಹಂಗಾರ ಟ್ರ್ಯಾಕ್ಟರ್ ಹಿಂದನ ಹೋಗೂಣು. ನಮಗೇನು ಆಫೀಸ್ ಐತಿ?"

ಅದೇ ನಮ್ಮ ಪ್ರವಾಸದ ವೇಗವಾಯಿತು. ನಾವು ಯಾರನ್ನೂ ಹಿಂದೆ ಹಾಕಲಿಲ್ಲ. ಹಿಂದೆ ಸಾಲು ಬೆಳೆದರೆ ಆಕೆ ಪಕ್ಕಕ್ಕೆ ನಿಲ್ಲಿಸಿ ಎಲ್ಲರಿಗೂ ದಾರಿ ಬಿಡುತ್ತಿದ್ದಳು.

ಎರಡನೆಯ ದಿನವಿಡೀ ಮಳೆ. ರೂಆಂ ನಗರ ದಾಟಿ ಒಂದೂರಿನ ಹೋಟೆಲಿಗೆ ಹೋಗುವಷ್ಟರಲ್ಲಿ ಎರಡು ಗಂಟೆ ಮೀರಿತ್ತು; ಅಡುಗೆಮನೆ ಮುಚ್ಚಿತ್ತು. ಫ್ರಾನ್ಸಿನ ಹಳ್ಳಿಗಳಲ್ಲಿ ಊಟದ ಹೊತ್ತು ಮೀರಿದವರಿಗೆ ಕಾಫಿಯೊಂದೇ ಗತಿ. ಕಾರಿನಲ್ಲೇ ರೊಟ್ಟಿ ಮುರಿದು ತಿಂದೆವು.

ಮೂರನೆಯ ದಿನ ಬಿಸಿಲು ಬಂತು. ಶಾರ್ತ್ರ್ ನಗರ ದಾಟಿದರೆ ಬೋಸ್ ಎಂಬ ಬಯಲು: ಕಣ್ಣು ಹಾಯುವವರೆಗೆ ಗೋಧಿ, ನಡುವೆ ಬೇಲಿಯಿಲ್ಲ, ಗಿಡವಿಲ್ಲ. "ನವಲಗುಂದದ ಹೊಲ ಇದ್ದಂಗ ಐತಲ್ರಿ, ಮಣ್ಣಿನ ಬಣ್ಣ ಒಂದು ಬ್ಯಾರೆ," ಎಂದಳು ಶಶಿಕಲಾ. ಆಕೆಯ ಭುಜಗಳ ಬಿಗಿ ಸಡಿಲಿದ್ದು ಆಗಲೇ. ತಪ್ಪೂ ಆಗಲೇ ಆಯಿತು.

ಒಂದು ಸಣ್ಣ ಹಳ್ಳಿ. ನಡುವೆ ವೃತ್ತ, ವೃತ್ತದಲ್ಲಿ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಹಳೆಯ ಶಿಲುಬೆ, ಸುತ್ತ ಕೆಂಪು ಹೂವು. ಫ್ರಾನ್ಸಿನಲ್ಲಿ ವೃತ್ತವನ್ನು ಎಡಕ್ಕಿಟ್ಟುಕೊಂಡು ಸುತ್ತಬೇಕು. ಶಶಿಕಲಾ ಅದನ್ನು ಬಲಕ್ಕಿಟ್ಟುಕೊಂಡು ಸುತ್ತಿದಳು. ಎದುರಿಗೆ ಬ್ರೆಡ್ ಮಾರುವ ವ್ಯಾನು. ಎರಡೂ ಗಕ್ಕನೆ ನಿಂತವು. ನಡುವೆ ಒಂದು ಮಾರು ಜಾಗ ಉಳಿದಿತ್ತು.

ವ್ಯಾನಿನಿಂದ ಒಬ್ಬ ದಪ್ಪ ಹೆಂಗಸು ಇಳಿದಳು. ನಮ್ಮ ಕಾರಿನ ನಂಬರ್ ಪ್ಲೇಟ್ ನೋಡಿ, "ಆ! ಆಂಗ್ಲೇಝ್!" ಎಂದಳು. ಇಂಗ್ಲಿಷರವಳು ಎಂದು.

"ಆಂಗ್ಲೇಝ್ ಅಲ್ಲವಾ ತಾಯಿ, ಧಾರವಾಡ," ಎಂದಳು ಶಶಿಕಲಾ.

ಹೆಂಗಸು ಬೆರಳೆತ್ತಿ ಗಾಳಿಯಲ್ಲಿ ಸರಿಯಾದ ಸುತ್ತು ಬರೆದು ತೋರಿಸಿದಳು. ಆಮೇಲೆ ವ್ಯಾನನ್ನು ಬದಿಗೆ ಸರಿಸಿ ಹಿಂಬಾಗಿಲು ತೆರೆದು ವ್ಯಾಪಾರಕ್ಕೆ ನಿಂತಳು. ನಾವೂ ಒಂದು ಉದ್ದನೆಯ ಬ್ರೆಡ್ ಕೊಂಡೆವು.

ಕಾರನ್ನು ನೆರಳಿಗೆ ನಿಲ್ಲಿಸಿ ಶಶಿಕಲಾ ಇಳಿದಳು. ನಾನೂ ಇಳಿದು ಹೇಳಿದೆ: "ಸಾಕು. ಇನ್ಶೂರೆನ್ಸ್‌ನವ್ರಿಗೆ ಫೋನ್ ಮಾಡ್ತೀನಿ. ಕಾರು ಅವರು ಒಯ್ಯಲಿ, ನಾವು ರೈಲಿಗೆ ಹೋಗೂಣು."

"ಒಯ್ಯಾಕ ಕಾರಿಗೇನಾಗೈತಿ?"

"ಕಾರಿಗಲ್ಲ…"

"ನನಗೂ ಏನೂ ಆಗಿಲ್ಲ." ಆಕೆ ಶಿಲುಬೆಯ ಕಟ್ಟೆಯನ್ನೇ ನೋಡುತ್ತಿದ್ದಳು. "ಗುಡಿ ಇದ್ದಂಗ ಕಂಡ್ತು ನೋಡ್ರಿ. ಕಟ್ಟಿ, ಹೂವ, ಮ್ಯಾಲೆ ದೇವ್ರು. ಕೈ ತಾನ ಪ್ರದಕ್ಷಿಣಿಗೆ ತಿರುಗ್ತು. ಇವರ ರಸ್ತಾ ಎಲ್ಲಾ ಅಪ್ರದಕ್ಷಿಣಿ."

ಬ್ರೆಡ್ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ತಿನ್ನುತ್ತಲೇ ಆಕೆ ಕಟ್ಟೆಯನ್ನೊಮ್ಮೆ, ಕಾರನ್ನೊಮ್ಮೆ ನೋಡಿದಳು.

"ನೀವು ಎಡಕ್ಕ ಕೂಡ್ತೀರಿ. ಕಟ್ಟಿನೂ ಎಡಕ್ಕ ಇರಬೇಕು. ಹೌದಿಲ್ರಿ?"

"ಹೌದು."

"ಹಂಗಾರ ನೀವ ನಡುವ ಕುಂತ ದೇವ್ರು. ನಾ ನಿಮ್ಮ ಸುತ್ತ ತಿರುಗೂದು. ಮನ್ಯಾಗ ಅದನ್ನ ಮಾಡೀನಿ, ಮರೆಯೂದಿಲ್ಲ ಬಿಡ್ರಿ. ಏಳ್ರಿ."

ಊರು ಬಿಡುವ ಮೊದಲು ಆಕೆ ಆ ಖಾಲಿ ವೃತ್ತವನ್ನು ಸರಿಯಾದ ದಿಕ್ಕಿನಲ್ಲಿ ಮತ್ತೆ ಮತ್ತೆ ಸುತ್ತಿದಳು. ಬ್ರೆಡ್ಡಿನ ಹೆಂಗಸು ಗಿರಾಕಿಗಳನ್ನು ಬಿಟ್ಟು ನೋಡುತ್ತ ನಿಂತಳು, ಕೊನೆಗೆ ಕೈಯೆತ್ತಿದಳು.

ಆ ಸಂಜೆ ಲುವಾರ್ ದಂಡೆ ಮುಟ್ಟಿದೆವು. ಎರಡು ದಿನ ನದಿಯ ಪಕ್ಕದ ತೋಟದ ಮನೆಯೊಂದರಲ್ಲಿ ಉಳಿದು, ಬೇರೆ ದಾರಿಯಿಂದ ವಾಪಸಾದೆವು. ದಾರಿಯುದ್ದಕ್ಕೂ ವೃತ್ತಗಳು: ಒಂದರಲ್ಲಿ ಹಳೆಯ ದೋಣಿ, ಒಂದರಲ್ಲಿ ದ್ರಾಕ್ಷಿ ಹಿಂಡುವ ಯಂತ್ರ, ಹಲವುಗಳಲ್ಲಿ ಬರೀ ಹುಲ್ಲು. ಪ್ರತಿಯೊಂದರ ಮುಂದೆ ಆಕೆ "ನಿಮ್ಮ ಸುತ್ತ" ಎನ್ನುತ್ತಿದ್ದಳು, ತಿರುಗುತ್ತಿದ್ದಳು. ಹೀಗೆ ತಿರುಗಿಸು ಎಂದು ನಾನು ಬಾಯಿ ಬಿಡಲಿಲ್ಲ. ಅದು ಸುಲಭವಿರಲಿಲ್ಲ.

ಕಲೇಯಲ್ಲಿ ರೈಲಿನ ಸರದಿಗೆ ಕಾಯುವಾಗ ಸ್ಮಿತಾಳ ಫೋನ್ ಬಂತು. ಕೊಳ್ಳುವವರು ಭಾನುವಾರ ಬರಲೇ ಎಂದು ಕೇಳುತ್ತಿದ್ದಾರಂತೆ. ಫೋನು ನನ್ನ ಕೈಯಲ್ಲಿತ್ತು. ನಾನು ಶಶಿಕಲಾಳ ಮುಖ ನೋಡಿದೆ. ಆಕೆ ಮುಂದಿನ ಕಾರನ್ನು ನೋಡುತ್ತಿದ್ದಳು.

"ಬ್ಯಾಡ ಅಂತ ಹೇಳವಾ," ಎಂದೆ. "ಕಾರು ಮಾರೂದಿಲ್ಲ."

"ಡ್ಯಾಡ್? ರಿಯಲಿ?"

"ನಿಮ್ಮವ್ವಗ ಬೇಕಾಗೈತಿ."

ಫೋಕ್‌ಸ್ಟನ್‌ನಲ್ಲಿ ರೈಲಿನಿಂದ ಇಳಿದಾಗ ಮತ್ತೆ ಸಣ್ಣ ಮಳೆ. ಎಲ್ಲವೂ ರಸ್ತೆಯ ಎಡಬದಿಗೆ ಬಂದಿತ್ತು. ಮೊದಲ ವೃತ್ತ ಎದುರಾದಾಗ ಶಶಿಕಲಾ ವೇಗ ತಗ್ಗಿಸಿ ಕಾರು ನಿಲ್ಲಿಸಿದಳು. ಹಿಂದಿನವನು ಹಾರ್ನ್ ಹಾಕಿದ.

"ಈಗ ಹೆಂಗ್ರಿ?"

ಇಲ್ಲಿ ವೃತ್ತ ಬಲಕ್ಕೆ, ಆಕೆ ಕೂತ ಕಡೆಗೆ.

"ಈಗ ನಿನ್ನ ಸುತ್ತ," ಎಂದೆ.

ಆಕೆ ಗೇರ್ ಹಾಕಿದಳು.