ತಟ್ಟೆ ಅಕ್ಕನ ಎರಡು ಪಟ್ಟಿಗಳು

ನಮ್ಮ ದೊಡ್ಡಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಪುಟ್ಟ ತಟ್ಟೆಗಳಲ್ಲಿ ರೋಗಾಣು ಬೆಳೆಸಿ, ಅವು ಯಾವ ಔಷಧಿಗೆ ಸಾಯುತ್ತವೆಂದು ನೋಡುವುದು ಅವರ ಕೆಲಸ. ಹಾಗಾಗಿ ನರ್ಸುಗಳ ಬಾಯಲ್ಲಿ ಅವರು ತಟ್ಟೆ ಅಕ್ಕ.

ತಟ್ಟೆಯ ಮೇಲೆ ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಇಲ್ಲದಿದ್ದರೆ ರೋಗಾಣು ಬಿಲ್ಲೆಯ ಅಂಚಿನವರೆಗೂ ಹಬ್ಬಿ ಕೂತಿರುತ್ತದೆ. ಇದು ತಿಳಿಯಲು ಎರಡು ಮೂರು ದಿನ ಬೇಕು. ಜ್ವರ ಅಷ್ಟು ಕಾಯುವುದಿಲ್ಲ. ಮೊದಲ ಔಷಧಿಯನ್ನು ಡಾಕ್ಟರು ಅಂದಾಜಿನ ಮೇಲೆಯೇ ಬರೆಯಬೇಕು.

ಆ ಅಂದಾಜು ಎಡವುತ್ತಿದೆ ಎಂದು ಮೊದಲು ಕಂಡದ್ದು ದೊಡ್ಡಮ್ಮನಿಗೆ. ಉರಿಮೂತ್ರವೆಂದು ಬಂದವರಿಗೆಲ್ಲ ಕೊಡುತ್ತಿದ್ದ ಔಷಧಿಯ ಸುತ್ತ, ಹತ್ತರಲ್ಲಿ ಆರು ತಟ್ಟೆಗಳಲ್ಲಿ ಉಂಗುರವೇ ಇರಲಿಲ್ಲ. ಅವರು ಒಂದು ವರ್ಷದ ವರದಿಗಳನ್ನೆಲ್ಲ ತೆಗೆದು, ಯಾವ ಔಷಧಿ ಎಷ್ಟು ಜನರಿಗೆ ನಾಟಿದೆ ಎಂದು ಎರಡು ಪಟ್ಟಿ ಮಾಡಿದರು: ಮನೆಯಿಂದಲೇ ಸೋಂಕು ತಂದವರದು ಒಂದು, ವಾರ್ಡಿನಲ್ಲಿ ಮಲಗಿದ ಮೇಲೆ ಹತ್ತಿಸಿಕೊಂಡವರದು ಇನ್ನೊಂದು. ಎರಡಕ್ಕೂ ಅಜಗಜಾಂತರ. ಮನೆಯಿಂದ ಸೋಂಕು ತಂದವರಿಗೆ ಹಳೆಯದೊಂದು ಅಗ್ಗದ ಮಾತ್ರೆ ಚೆನ್ನಾಗಿ ನಾಟುತ್ತಿತ್ತು. ವಾರ್ಡಿನ ರೋಗಾಣು ಅದಕ್ಕೆ ಜಪ್ಪಯ್ಯ ಅನ್ನುತ್ತಿರಲಿಲ್ಲ.

ಪಟ್ಟಿ ಹಿಡಿದು ಹಿರಿಯ ಡಾಕ್ಟರ ಕೋಣೆಗೆ ಹೋದಾಗ ಅವರು ತಲೆ ಎತ್ತಲಿಲ್ಲ. ಮೂವತ್ತು ವರ್ಷದಿಂದ ಬರೆಯುತ್ತಿರುವ ಔಷಧಿಯನ್ನು ಲ್ಯಾಬಿನವರು ಹೇಳಿದರೆಂದು ಬದಲಿಸಲಾಗುತ್ತದೆಯೇ ಎಂದು ಕೇಳಿದರು. ದೊಡ್ಡಮ್ಮ ಎದುರಾಡಲಿಲ್ಲ, ಅಲ್ಲಿಂದ ಕದಲಲೂ ಇಲ್ಲ.

"ಪಟ್ಟಿ ಬೇಡ ಸರ್. ಐದು ನಿಮಿಷ ಬಂದು ತಟ್ಟೆ ನೋಡಿ ಸಾಕು."

ಡಾಕ್ಟರು ಒಲ್ಲದ ಮನಸ್ಸಿನಿಂದ ಬಂದರು. ದೊಡ್ಡಮ್ಮ ಆ ವಾರದ ಹದಿನಾಲ್ಕು ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಡಾಕ್ಟರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಒಂಬತ್ತನೆಯದಕ್ಕೆ ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲಮ್ಮಾ?"

"ವರದಿ ಕಳಿಸ್ತಾನೇ ಇದ್ದೆ ಸರ್. ಒಟ್ಟಿಗೆ ಇಟ್ಟು ನೋಡಿದ್ದು ಮಾತ್ರ ಈಗ."

ಮರುವಾರ ಎರಡೂ ಪಟ್ಟಿಗಳು ಪ್ರತಿ ವಾರ್ಡಿನ ಗೋಡೆಗೆ ಬಂದವು. ಮೊದಲ ಡೋಸಿಗೆ ಮುಂಚೆ ಲ್ಯಾಬಿಗೆ ಮಾದರಿ ತೆಗೆಯಬೇಕು, ವರದಿ ಬಂದ ಮೇಲೆ ಔಷಧಿ ಬದಲಿಸಬೇಕೇ ಎಂದು ನೋಡಬೇಕು ಎಂದು ಕೆಳಗೆ ಡಾಕ್ಟರೇ ಕೈಯಾರೆ ಬರೆದರು. ವರ್ಷ ತುಂಬುವಷ್ಟರಲ್ಲಿ ಅದೇ ಉರಿ, ಅದೇ ಜ್ವರವೆಂದು ಮರಳಿ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಡಾಕ್ಟರುಗಳ ಸಭೆಯಲ್ಲಿ ಹೊಸ ವರ್ಷದ ಪಟ್ಟಿಯನ್ನು ವಿವರಿಸಲು ದೊಡ್ಡಮ್ಮನನ್ನೇ ಕರೆದರು.

ಆ ಸಂಜೆ ಮನೆಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯಲ್ಲಿ ನಿಂತರು.

"ನಾನು ಮಾತಾಡ್ದೆ ಕಣ್ರೇ," ಎಂದರು. "ಡಾಕ್ಟ್ರೆಲ್ಲ ಬರ್ಕೊಂಡ್ರು."