ಕಾಗಿಣೆಗೆ ಬಿಟ್ಟ ಚೀಟಿಗಳು

ಹವಾಮಾನ ಸಂಶೋಧನೆಗಾಗಿ ಸೂಪರ್‌ಕಂಪ್ಯೂಟರನ್ನು ನವೀಕರಿಸಲಾಗುತ್ತಿದ್ದು, ಹಳೆಯ ಮಾಹಿತಿಯನ್ನೆಲ್ಲ ಸೋಮವಾರ ಅಳಿಸಲಾಗುವುದೆಂಬ ವಿಶ್ವವಿದ್ಯಾಲಯದ ಪತ್ರವು ಚಿತ್ತಾಪುರದ ನಮ್ಮ ಮನೆಗೆ ತಲುಪಿದ್ದು ಅದೇ ಸೋಮವಾರ ಮಧ್ಯಾಹ್ನ. ಸೇಡಂ, ಕಾಳಗಿಗಳ ಶಾಸನಗಳಿಂದ ನಾನು ಇಪ್ಪತ್ತು ವರ್ಷ ಆಯ್ದಿಟ್ಟ ಪದಗಳು ಆ ಯಂತ್ರದ ಒಂದು ಮೂಲೆಯಲ್ಲಿದ್ದವು; ಬೇರೆಲ್ಲಿಯೂ ಇರಲಿಲ್ಲ. ಪ್ರತಿ ಮಾಡಿಕೊಂಡ ಮೇಲೆ ಜೀರ್ಣವಾದ ಓಲೆಗರಿಯನ್ನು ಹೊಳೆಗೆ ಬಿಡುವುದು ನಮ್ಮ ಮನೆತನದ ರೂಢಿ. ಅದರಂತೆಯೇ, ಪದಗಳೆಲ್ಲ ಯಂತ್ರಕ್ಕೆ ಸೇರಿದ ಮೇಲೆ, ಅವನ್ನು ಬರೆದಿಟ್ಟಿದ್ದ ನನ್ನ ಕೈಬರಹದ ಚೀಟಿಗಳನ್ನೂ ಕಾಗಿಣಾ ನದಿಗೆ ಅರ್ಪಿಸಿಬಿಟ್ಟಿದ್ದೆ.

ಎಸ್‌ಟಿಡಿ ಬೂತಿಗೆ ಓಡಿ ವಿಶ್ವವಿದ್ಯಾಲಯಕ್ಕೆ ಫೋನು ಮಾಡಿದೆ. ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಚಿಂಚೋಳಿಯ ಹೆಣ್ಣುಮಗಳು, "ಮುಂಜಾನೆನೇ ಅಳಿಸೀವ್ರಿ ಸರ್. ನಿಮ್ಮ ಚೀಟಿ ನಿಮ್ಮ ಹತ್ರ ಅದಾವಲ್ರಿ?" ಎಂದಳು.

"ಹೊಳಿಗಿ ಬಿಟ್ಟೀನವ್ವಾ."

ಆಕೆ ಗದರಿಯೇಬಿಟ್ಟಳು:

"ಏನ್ರಿ ಸರ್, ಇಷ್ಟು ಓದೀರಿ! ಅಳಿಸೋ ಮೊದಲ ನಾ ಟೇಪಿಗಿ ಇಳಿಸಿಟ್ಟೀನಿ. ಹೊಸ ಮಷೀನು ಅದನ್ನ ಓದ್ತದೋ ಇಲ್ಲೋ ಗೊತ್ತಿಲ್ಲ. ನಾಳಿಗಿ ಬರ್ರಿ."

ಮರುದಿನ ವಿಶ್ವವಿದ್ಯಾಲಯಕ್ಕೆ ಹೋಗಿ ಆಕೆಯ ಪಕ್ಕದಲ್ಲಿ ನಿಂತೆ. ಬಹಳ ಹೊತ್ತು ಖಾಲಿಯಾಗಿಯೇ ಇದ್ದ ಪರದೆಯ ಮೇಲೆ ಕೊನೆಗೆ ನನ್ನ ಪದಗಳು ಒಂದೊಂದಾಗಿ ಮೂಡಿದವು. ಎಲ್ಲವನ್ನೂ ಕಾಗದದ ಮೇಲೆ ಮುದ್ರಿಸಿ ಕೊಟ್ಟು, ಟೇಪನ್ನು ಎತ್ತಿ ಹಿಡಿದು ಕೇಳಿದಳು: "ಇದಕ್ಕೇನು ಮಾಡ್ಲಿ ಸರ್, ಹೊಳಿಗಿ ಬಿಡ್ಲೇನ್ರಿ?"

ನನಗೆ ನಗು ಬರಲಿಲ್ಲ. ಎರಡೂ ಕೈ ಒಡ್ಡಿದೆ. ಇಷ್ಟು ವರ್ಷಗಳಾದ ಮೇಲೆ ಅದನ್ನು ಓದಬಲ್ಲ ಯಂತ್ರ ಈಗ ನನಗೆ ತಿಳಿದಂತೆ ಎಲ್ಲಿಯೂ ಇಲ್ಲ. ಆದರೂ ಟೇಪು ನಮ್ಮ ದೇವರ ಮನೆಯಲ್ಲಿದೆ, ಹೊಳೆಯಿಂದ ಸಾಕಷ್ಟು ದೂರದಲ್ಲಿ.